ಬಿಸಿಲ ನಾಡಿನಲ್ಲಿ ಗಣಕದ ಓಟ

ವೇಗದ ಆಸೆ ಯಾರನ್ನು ಬಿಟ್ಟಿದೆ? ಎತ್ತಿನ ಬಂಡಿಯಲ್ಲಿ ಕುಳಿತವನಿಗೆ ಕುದುರೆಯ ಮೇಲೆ ಕಣ್ಣು. ಕುದುರೆಯನ್ನೇರಿದವನಿಗೆ ಮೋಟಾರಿನ ಮೇಲೆ ಕಣ್ಣು. ಇಂದು ಅದೇ ಆಸೆ ಮೇಜಿನ ಮೇಲಣ ಗಣಕಯಂತ್ರವನ್ನೂ ಹೊಕ್ಕಿದೆ. ಅಂಗಡಿಯಿಂದ ಕೊಂಡು ತಂದ ಗಣಕವು ಅದರ ತಯಾರಕರು ಗೊತ್ತುಮಾಡಿದ ವೇಗದಲ್ಲಿ ಓಡುತ್ತದೆಯಷ್ಟೆ. ಆ ವೇಗವನ್ನು ಮನೆಯಲ್ಲಿಯೇ, ಹೊಸ ಬಿಡಿಭಾಗವೊಂದನ್ನೂ ಕೊಳ್ಳದೆ, ಇನ್ನಷ್ಟು ಏರಿಸಬಹುದೆಂಬ ಸುದ್ದಿ ನಮ್ಮ ತರುಣರ ಕಿವಿಗೆ ಬಿದ್ದಿದೆ. ಈ ವಿದ್ಯೆಗೆ ಓವರ್‌ಕ್ಲಾಕಿಂಗ್ ಎಂದು ಹೆಸರು.

ಕನ್ನಡ ಪಾಠ ಹೇಳುವ ಮಾಸ್ತರನಿಗೆ ಈ ಯಂತ್ರದ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಹೆಸರಿಸಿದ ಕೊಪಣ ನಗರವೇ ಇಂದಿನ ಕೊಪ್ಪಳ. ಆ ಕೊಪಣದಲ್ಲಿ ಇಂದು ಲಗ್ನಪತ್ರಿಕೆ ಅಚ್ಚಾಗಬೇಕಾದರೂ ಗಣಕ ಬೇಕು. ಶಾಸನದ ಪಾಠವನ್ನು ಬೆರಳಚ್ಚು ಮಾಡಬೇಕಾದರೂ ಗಣಕ ಬೇಕು. ತರಗತಿ ಮುಗಿದ ಮೇಲೆ ವಿದ್ಯಾರ್ಥಿಗಳು ಛಂದಸ್ಸಿನ ಸಂದೇಹಕ್ಕಿಂತ ಗಣಕದ ಸಂದೇಹವನ್ನೇ ಹೆಚ್ಚಾಗಿ ತರುತ್ತಾರೆ. “ಸರ್, ಪ್ರೊಸೆಸರ್ ಸ್ಪೀಡ್ ಏರಿಸಿದ್ರ ಮಷಿನ್ ಸುಟ್ಟು ಹೋಗ್ತದೇನ್ರಿ?” ಎಂದು ಕುಷ್ಟಗಿ ಕಡೆಯ ಹುಡುಗನೊಬ್ಬ ಕೇಳಿದ. “ಏರಿಸೂಕಿಂತ ಮೊದಲ ಇಳಿಸೂದು ಹೆಂಗಂತ ಕಲಿ, ತಮ್ಮಾ” ಎಂದೆ.

ಆ ಹುಡುಗನ ಪ್ರಶ್ನೆ ಹುಡುಗಾಟದ್ದಲ್ಲ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳ ಮನೆಗಳಲ್ಲಿ ಗಣಕವೆಂಬುದು ಒಂದು ಸುಗ್ಗಿಯ ಹಣ. ಅದು ಕೆಟ್ಟರೆ ಮರುದಿನವೇ ಇನ್ನೊಂದನ್ನು ತರುವ ಶಕ್ತಿ ಎಲ್ಲರಿಗೂ ಇಲ್ಲ. ಆದುದರಿಂದ ಈ ವಿದ್ಯೆಯ ಲಾಭವೆಷ್ಟು, ಅಪಾಯವೆಲ್ಲಿ, ಹೊಸಬನು ಯಾವ ಕ್ರಮದಿಂದ ನಡೆಯಬೇಕು ಎಂಬುದನ್ನು, ವಿಶೇಷವಾಗಿ ನಮ್ಮ ಈ ಬಿಸಿಲ ಸೀಮೆಯನ್ನು ಕಣ್ಣ ಮುಂದಿಟ್ಟುಕೊಂಡು, ವಿಚಾರ ಮಾಡುವುದು ಉಚಿತ.

ಡೊಳ್ಳಿನ ಬಡಿತ, ಕುಣಿತದ ಹೆಜ್ಜೆ

ಗಣಕದ ಮಿದುಳಾದ ಪ್ರೊಸೆಸರಿಗೆ ಒಂದು ತಾಳವುಂಟು. ಡೊಳ್ಳಿನ ಬಡಿತಕ್ಕೆ ಕುಣಿಯುವವರು ಹೆಜ್ಜೆ ಹಾಕುವಂತೆ, ಅದರೊಳಗಿನ ಕೋಟ್ಯಂತರ ಟ್ರಾನ್ಸಿಸ್ಟರುಗಳು ಈ ತಾಳಕ್ಕೆ ಸರಿಯಾಗಿ ತೆರೆದು ಮುಚ್ಚುತ್ತವೆ. ತಾಳದ ಲೆಕ್ಕ ಮಾತ್ರ ನಮ್ಮ ಊಹೆಗೆ ಮೀರಿದ್ದು. 4 ಗಿಗಾಹರ್ಟ್ಝ್ ಎಂದರೆ ಸೆಕೆಂಡಿಗೆ 400 ಕೋಟಿ ಬಡಿತ! ಅಂತಹ ಒಂದು ಬಡಿತದಿಂದ ಇನ್ನೊಂದಕ್ಕೆ ಬೆಳಕು ಕೂಡ ಏಳೂವರೆ ಸೆಂಟಿಮೀಟರಿನಷ್ಟು ದೂರವನ್ನೇ ಸಾಗಬಲ್ಲದು.

ಈ ಬಡಿತ ಹುಟ್ಟುವ ಬಗೆ ಸರಳವಾದುದು. ಮದರ್‌ಬೋರ್ಡು 100 ಮೆಗಾಹರ್ಟ್ಝಿನ ಮೂಲ ತಾಳವನ್ನು ಕೊಡುತ್ತದೆ. ಪ್ರೊಸೆಸರು ಅದನ್ನು ಒಂದು ಗುಣಕದಿಂದ ಹೆಚ್ಚಿಸಿಕೊಳ್ಳುತ್ತದೆ. ಗುಣಕ 40 ಆದರೆ ವೇಗ 4 ಗಿಗಾಹರ್ಟ್ಝ್. ಅದನ್ನು 42ಕ್ಕೆ ಏರಿಸಿದರೆ 4.2. ಓವರ್‌ಕ್ಲಾಕಿಂಗಿನ ಮೂಲಮಂತ್ರ ಇಷ್ಟೇ.

ಆದರೆ ತಾಳವನ್ನು ತೀವ್ರಗೊಳಿಸಿದಾಗ ಕುಣಿಯುವವನ ಕಾಲು ನೆಲಕ್ಕೆ ತಾಗುವ ಮೊದಲೇ ಮುಂದಿನ ಬಡಿತ ಬಂದುಬಿಟ್ಟರೆ ಏನು ಗತಿ? ಹೆಜ್ಜೆ ತಪ್ಪುತ್ತದೆ. ಟ್ರಾನ್ಸಿಸ್ಟರು ತನ್ನ ಕೆಲಸ ಮುಗಿಸುವ ಮೊದಲೇ ಎರಡನೆಯ ಆಜ್ಞೆ ಬಂದರೆ ಲೆಕ್ಕ ತಪ್ಪುತ್ತದೆ. ಗಣಕವು ಒಮ್ಮೆಲೇ ನಿಲ್ಲಬಹುದು, ನೀಲಿ ಪರದೆ ತೋರಿಸಬಹುದು. ಇನ್ನೂ ಕೆಟ್ಟದ್ದೆಂದರೆ, ಏನೂ ಆಗದಂತೆ ನಟಿಸುತ್ತ ಕಡತದೊಳಗೆ ತಪ್ಪನ್ನು ಬರೆದುಬಿಡಬಹುದು. ಹೆಜ್ಜೆ ಬೇಗ ಬೀಳಲೆಂದು ವಿದ್ಯುತ್ತಿನ ಒತ್ತಡವನ್ನು, ಅಂದರೆ ವೋಲ್ಟೇಜನ್ನು, ಏರಿಸುವುದುಂಟು. ಅಲ್ಲಿಯೇ ನಿಜವಾದ ಬೆಲೆ ತೆರಬೇಕಾಗುವುದು.

ಹಿಂದಿನ ಬಂಗಾರ, ಇಂದಿನ ಪುಡಿಗಾಸು

1971ರಲ್ಲಿ ಇಂಟೆಲ್ ಕಂಪನಿ ಹೊರತಂದ 4004 ಎಂಬ ಮೊದಲ ಮೈಕ್ರೋಪ್ರೊಸೆಸರಿನಲ್ಲಿದ್ದ ಟ್ರಾನ್ಸಿಸ್ಟರುಗಳು ಸುಮಾರು 2,300 ಮಾತ್ರ. 2008ರಲ್ಲಿ ಅದೇ ಕಂಪನಿಯ ನಮ್ಮ ಬೆಂಗಳೂರಿನ ಎಂಜಿನಿಯರರು ರೂಪಿಸಿದ, ಆರು ಕೋರುಗಳ ಕ್ಸಿಯಾನ್ 7400 ಪ್ರೊಸೆಸರಿನಲ್ಲಿ ಅವುಗಳ ಸಂಖ್ಯೆ 190 ಕೋಟಿ! ಇಷ್ಟು ಸೂಕ್ಷ್ಮವಾದ ವಸ್ತುವನ್ನು ಮಾರುವಾಗ ತಯಾರಕರು ಅದರ ಕೊನೆಯ ಶಕ್ತಿಯನ್ನೆಲ್ಲ ಹಿಂಡುವುದಿಲ್ಲ. ಕೆಟ್ಟ ಹವೆ, ಕೆಟ್ಟ ಫ್ಯಾನು, ಏರಿಳಿಯುವ ವಿದ್ಯುತ್ತು ಎಲ್ಲವನ್ನೂ ತಡೆದುಕೊಳ್ಳಲೆಂದು ಸ್ವಲ್ಪ ಮಿಗತೆಯನ್ನು ಉಳಿಸಿಕೊಂಡೇ ವೇಗವನ್ನು ಗೊತ್ತುಮಾಡುತ್ತಾರೆ. ಆ ಮಿಗತೆಯನ್ನು ಬಳಸಿಕೊಳ್ಳುವುದೇ ಓವರ್‌ಕ್ಲಾಕಿಂಗ್.

1998ರ ಸೆಲೆರಾನ್ 300ಎ ಈ ವಿಷಯದಲ್ಲಿ ದಂತಕಥೆಯಾಗಿ ನಿಂತಿದೆ. 300 ಮೆಗಾಹರ್ಟ್ಝಿನ ಈ ಅಗ್ಗದ ಪ್ರೊಸೆಸರನ್ನು, ಮೂಲ ತಾಳವನ್ನು 66ರಿಂದ 100ಕ್ಕೆ ಬದಲಿಸಿ, 450 ಮೆಗಾಹರ್ಟ್ಝಿಗೆ ಓಡಿಸಿದವರು ಅಸಂಖ್ಯ. ಒಂದೂವರೆ ಪಟ್ಟು ವೇಗ! ಆದರೆ ಆ ಕಾಲ ಹೋಯಿತು. ಇಂದಿನ ಪ್ರೊಸೆಸರುಗಳು ತಮ್ಮ ಮಿಗತೆಯನ್ನು ತಾವೇ ಬಳಸಿಕೊಳ್ಳುವ ಬುದ್ಧಿಯನ್ನು ಪಡೆದಿವೆ. ಕೆಲಸ ಬಿದ್ದಾಗ, ಮೈ ತಂಪಾಗಿದ್ದರೆ, ತಾವಾಗಿಯೇ ವೇಗವನ್ನು ಏರಿಸಿಕೊಳ್ಳುತ್ತವೆ, ಕಾದಾಗ ಇಳಿಸಿಕೊಳ್ಳುತ್ತವೆ. ಹೀಗಾಗಿ ಕೈಯಿಂದ ಏರಿಸಿ ಪಡೆಯುವ ಲಾಭ ಹಲವು ವೇಳೆ ನೂರಕ್ಕೆ ಐದೋ ಹತ್ತೋ ಮಾತ್ರ. ಸೆಲೆರಾನಿನ ಕಥೆ ಕೇಳಿ ಇಂದು ಕೈಹಾಕುವವನು ಇದನ್ನು ಮೊದಲೇ ತಿಳಿದಿರತಕ್ಕದ್ದು.

ಶಾಖವೆಂಬ ಕಂದಾಯ

ವೇಗಕ್ಕೆ ತೆರಬೇಕಾದ ಕಂದಾಯವೇ ಶಾಖ. ಇದರ ಲೆಕ್ಕ ಕಠಿಣವಲ್ಲ, ಆದರೆ ಕಠೋರವಾದುದು. ಟ್ರಾನ್ಸಿಸ್ಟರುಗಳ ತೆರೆದು ಮುಚ್ಚುವ ಕೆಲಸಕ್ಕೆ ಬೇಕಾಗುವ ವಿದ್ಯುತ್ತು ವೇಗ ಏರಿದಷ್ಟೇ ಏರುತ್ತದೆ. ವೋಲ್ಟೇಜಿನ ಮಟ್ಟಿಗಾದರೋ ಅದರ ವರ್ಗದಷ್ಟು ಏರುತ್ತದೆ. ವೇಗವನ್ನು ನೂರಕ್ಕೆ ಹತ್ತು, ವೋಲ್ಟೇಜನ್ನು ನೂರಕ್ಕೆ ಹತ್ತು ಏರಿಸಿದವನು 1.1ನ್ನು ಮೂರು ಸಲ ಗುಣಿಸಿ ನೋಡಲಿ: ಸುಮಾರು 1.33. ಲಾಭ ನೂರಕ್ಕೆ ಹತ್ತು, ಕಂದಾಯ ನೂರಕ್ಕೆ ಮೂವತ್ತಮೂರು! 90 ವಾಟಿನ ಪ್ರೊಸೆಸರು ಈಗ 120 ವಾಟಿನ ಒಲೆಯಾಯಿತು.

ಈ ಶಾಖವನ್ನು ಹೀಟ್‌ಸಿಂಕೂ ಫ್ಯಾನೂ ಸೇರಿ ಕೋಣೆಯ ಗಾಳಿಗೆ ಸಾಗಿಸುತ್ತವೆ. ಎಷ್ಟೇ ಒಳ್ಳೆಯ ಫ್ಯಾನಾದರೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಉದಾಹರಣೆಗೆ, 90 ವಾಟಿನಲ್ಲಿ ಪ್ರೊಸೆಸರು ಕೋಣೆಗಿಂತ 45 ಡಿಗ್ರಿ ಹೆಚ್ಚು ಕಾಯುತ್ತದೆಂದು ಇಟ್ಟುಕೊಳ್ಳೋಣ. ಅದೇ ಫ್ಯಾನಿನಡಿಯಲ್ಲಿ 120 ವಾಟಿಗೆ ಅದು ಕೋಣೆಗಿಂತ 60 ಡಿಗ್ರಿ ಹೆಚ್ಚು ಕಾಯುತ್ತದೆ.

ಈಗ ಕೊಪ್ಪಳದ ಪಂಚಾಂಗವನ್ನು ತೆರೆಯಿರಿ. ಗವಿಮಠದ ಜಾತ್ರೆ ಜನವರಿಯ ಚಳಿಯಲ್ಲಿ ಬರುತ್ತದೆ. ಆಗ ಕೋಣೆ 25 ಡಿಗ್ರಿ ಇದ್ದರೆ ವೇಗ ಏರಿಸಿದ ಪ್ರೊಸೆಸರು 85 ಡಿಗ್ರಿಯಲ್ಲಿ ನಿಂತು, ಒಡೆಯನಿಗೆ ಸಂತೋಷ ಕೊಡುತ್ತದೆ. ಬಸವಜಯಂತಿಯ ಹೊತ್ತಿಗೆ ಬಿಸಿಲು ಬಲಿತು, ತಗಡಿನ ಕೆಳಗಿನ ಅದೇ ಕೋಣೆ 40 ಡಿಗ್ರಿಗೆ ಏರಿತೆನ್ನಿ. ಪ್ರೊಸೆಸರು 100 ಡಿಗ್ರಿ! ಅನೇಕ ಪ್ರೊಸೆಸರುಗಳ ಮೇರೆ 90ರಿಂದ 100 ಡಿಗ್ರಿಯೊಳಗೇ ಇರುತ್ತದೆ. ಆ ಮೇರೆ ಮುಟ್ಟಿತೆಂದರೆ ಪ್ರೊಸೆಸರು ಜೀವ ಉಳಿಸಿಕೊಳ್ಳಲು ತಾನೇ ವೇಗವನ್ನು ಇಳಿಸುತ್ತದೆ. ಏರಿಸಿದ್ದು ವ್ಯರ್ಥ, ಕರೆಂಟಿನ ಬಿಲ್ಲು ಮಾತ್ರ ಉಳಿಯಿತು.

ಆದುದರಿಂದಲೇ ಪರದೇಶದ ತಂಪು ಕೋಣೆಗಳಲ್ಲಿ ಕುಳಿತವರು ಹೇಳುವ ಅಂಕಿಗಳನ್ನು ನಮ್ಮ ಸೀಮೆಯವರು ಕಣ್ಣುಮುಚ್ಚಿ ನಂಬಲಾಗದು. 2022ರ ಡಿಸೆಂಬರಿನಲ್ಲಿ ಪ್ರೊಸೆಸರೊಂದನ್ನು 9 ಗಿಗಾಹರ್ಟ್ಝ್ ದಾಟಿಸಿದರು ನಿಜ. ಅದಕ್ಕೆ ಬಳಸಿದ್ದು ಸೊನ್ನೆಗಿಂತ 269 ಡಿಗ್ರಿ ಕೆಳಗಿನ ದ್ರವ ಹೀಲಿಯಂ! ಅದು ದಾಖಲೆಯ ಗಳಿಗೆಯೊಂದರ ಆಟ. ಮನೆಯ ದಿನನಿತ್ಯದ ಸಂಸಾರವಲ್ಲ.

ಧೂಳೂ ವಿದ್ಯುತ್ತೂ

ಬಿಸಿಲಿನ ಜೊತೆಗೆ ನಮ್ಮಲ್ಲಿ ಧೂಳಿನ ಕಾಟವೂ ಇದೆ. ಗಂಗಾವತಿಯ ಅಕ್ಕಿ ಗಿರಣಿಗಳ ಸುತ್ತ ತೌಡಿನ ಸಣ್ಣ ಪುಡಿ, ಕೊಪ್ಪಳದ ಕಾರ್ಖಾನೆಗಳ ಬದಿಗೆ ಕಪ್ಪು ಧೂಳು, ಯಲಬುರ್ಗಾದ ಎರೆಹೊಲಗಳಿಂದ ಬೇಸಿಗೆಯ ಗಾಳಿ ಹೊತ್ತು ತರುವ ಮಣ್ಣು. ಇವು ಹೀಟ್‌ಸಿಂಕಿನ ಎಲೆಗಳ ನಡುವೆ ಸೇರಿ ಕಂಬಳಿ ಹೊದಿಸಿದಂತೆ ಕೂರುತ್ತವೆ. ಎಷ್ಟೋ ಗಣಕಗಳ ರೋಗ ಧೂಳೇ ಹೊರತು ವೇಗದ ಕೊರತೆಯಲ್ಲ. ವೇಗ ಏರಿಸಬೇಕೆನ್ನುವವನು ಮೊದಲು ವಿದ್ಯುತ್ತಿನ ಸಂಪರ್ಕ ಕಿತ್ತು, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು, ಬ್ಲೋವರಿನಿಂದ ಧೂಳನ್ನು ಊದಿ ತೆಗೆಯಲಿ. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವಿನ ಥರ್ಮಲ್ ಪೇಸ್ಟು ಒಣಗಿದ್ದರೆ ಒರೆಸಿ, ಹೊಸದನ್ನು ತೆಳ್ಳಗೆ ಹಚ್ಚಲಿ. ಕೆಲವರಿಗೆ ಇಷ್ಟರಿಂದಲೇ ಕಳೆದುಹೋಗಿದ್ದ ವೇಗ ಮರಳಿ ಬರುತ್ತದೆ. ಮುಂದಿನ ಸಾಹಸವೇ ಬೇಕಾಗುವುದಿಲ್ಲ.

ಇನ್ನು ವಿದ್ಯುತ್ತು. ಯಾವ ಹೊತ್ತಿಗೆ ಬರುತ್ತದೆ, ಯಾವ ಹೊತ್ತಿಗೆ ಹೋಗುತ್ತದೆ ಎಂಬುದನ್ನು ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಬಯೋಸ್ ಎಂಬ ಮೂಲ ತಂತ್ರಾಂಶವನ್ನು ಹೊಸದಾಗಿ ತುಂಬುತ್ತಿರುವಾಗ ಕರೆಂಟು ಹೋದರೆ ಮದರ್‌ಬೋರ್ಡೇ ಮೂಕವಾಗಬಹುದು. ಆದುದರಿಂದ ಒಳ್ಳೆಯ ಯುಪಿಎಸ್, ಸರಿಯಾದ ಅರ್ಥಿಂಗ್, ನಂಬಿಕೆಗೆ ಅರ್ಹವಾದ ಎಸ್‌ಎಂಪಿಎಸ್ ಈ ಮೂರೂ ಇಲ್ಲದವನು ಈ ದಾರಿಯಲ್ಲಿ ಕಾಲಿಡದಿರುವುದೇ ಲೇಸು.

ಯಾವ ಯಂತ್ರ ತಕ್ಕದ್ದು?

ಎಲ್ಲ ಪ್ರೊಸೆಸರುಗಳ ಗುಣಕವನ್ನೂ ಬದಲಿಸಲು ಬರುವುದಿಲ್ಲ. ಇಂಟೆಲ್ ಕಂಪನಿಯ ಡೆಸ್ಕ್‌ಟಾಪುಗಳಲ್ಲಿ ಸಾಮಾನ್ಯವಾಗಿ ಹೆಸರಿನ ಕೊನೆಗೆ ‘ಕೆ’ ಅಕ್ಷರವಿರುವ ಪ್ರೊಸೆಸರು ಬೇಕು. ಅದರ ಜೊತೆಗೆ ‘ಝಡ್’ ವರ್ಗದ ಚಿಪ್‌ಸೆಟ್ಟಿರುವ ಮದರ್‌ಬೋರ್ಡೂ ಬೇಕು. ಎಎಂಡಿ ಕಂಪನಿಯ ರೈಝೆನ್ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಹೆಚ್ಚಿನವು ಬೀಗವಿಲ್ಲದವು; ಅವಕ್ಕೆ ‘ಬಿ’ ಅಥವಾ ‘ಎಕ್ಸ್’ ವರ್ಗದ ಬೋರ್ಡು ಸಾಕು, ‘ಎ’ ವರ್ಗದ್ದು ಸಾಲದು. ಲ್ಯಾಪ್‌ಟಾಪುಗಳನ್ನಂತೂ ಹೊಸಬನು ಮುಟ್ಟದಿರಲಿ. ಅವುಗಳ ಇಕ್ಕಟ್ಟಾದ ಹೊಟ್ಟೆಯಲ್ಲಿ ಈಗಿರುವ ಶಾಖಕ್ಕೇ ಜಾಗವಿಲ್ಲ.

ವಾರಂಟಿಯ ಮಾತನ್ನೂ ಮರೆಯಬಾರದು. ಓವರ್‌ಕ್ಲಾಕಿಂಗಿನಿಂದಾದ ಹಾನಿಗೆ ವಾರಂಟಿ ಸಲ್ಲದೆಂದು ತಯಾರಕರು ಎಚ್ಚರಿಸಿದ್ದಾರೆ. ಸುಟ್ಟರೆ ನಷ್ಟ ನಮ್ಮದೇ.

ಒಂದೊಂದೇ ಮೆಟ್ಟಿಲು

ಇಷ್ಟನ್ನೂ ತಿಳಿದು ಮನಸ್ಸು ಮಾಡಿದವನು ನಡೆಯಬೇಕಾದ ಕ್ರಮ ಹೀಗಿದೆ.

ಮೊದಲನೆಯದಾಗಿ, ಬೇಕಾದ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿನಲ್ಲಿ ನಕಲು ಮಾಡಿ ಇಡಬೇಕು. ಬಯೋಸಿನಲ್ಲಿ ಈಗಿರುವ ಹೊಂದಿಕೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಗಣಕ ಏಳದೇ ಹೋದರೆ ಹಳೆಯ ಸ್ಥಿತಿಗೆ ತರುವ ಉಪಾಯವನ್ನೂ ಮೊದಲೇ ಅರಿತಿರಬೇಕು. ವಿದ್ಯುತ್ತು ಕಿತ್ತು, ಬೋರ್ಡಿನ ಮೇಲಿನ ದುಂಡು ಸೆಲ್ಲನ್ನು ಕೆಲವು ನಿಮಿಷ ತೆಗೆದಿಟ್ಟರೆ ಹಲವು ಬೋರ್ಡುಗಳು ತಯಾರಕರ ಹೊಂದಿಕೆಗೇ ಮರಳುತ್ತವೆ; ಕೆಲವಕ್ಕೆ ಇದಕ್ಕಾಗಿ ಬೇರೆ ಗುಂಡಿಯೋ ಜಂಪರೋ ಇರುತ್ತದೆ. ಬೋರ್ಡಿನ ಕೈಪಿಡಿಯಲ್ಲಿ ಅದನ್ನು ಹುಡುಕಿ ಗುರುತು ಹಾಕಿಕೊಳ್ಳಲಿ. ಇಳಿಸುವುದನ್ನು ಮೊದಲು ಕಲಿಯಬೇಕೆಂದದ್ದು ಇದಕ್ಕಾಗಿಯೇ.

ಎರಡನೆಯದಾಗಿ, ಏನನ್ನೂ ಬದಲಿಸದೆ ಯಂತ್ರವನ್ನು ಅಳೆಯಬೇಕು. ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶವು ಶಾಖ, ವೇಗ, ವೋಲ್ಟೇಜುಗಳನ್ನು ತೋರಿಸುತ್ತದೆ. ಸಿನೆಬೆಂಚ್, ಪ್ರೈಮ್95 ಮುಂತಾದವು ಪ್ರೊಸೆಸರಿಗೆ ಪೂರ್ತಿ ಕೆಲಸ ಹಚ್ಚುತ್ತವೆ. ಪೂರ್ತಿ ಕೆಲಸದಲ್ಲಿ ಎಲ್ಲ ಕೋರುಗಳೂ ಯಾವ ವೇಗದಲ್ಲಿ ಓಡುತ್ತವೆ, ಎಷ್ಟು ಕಾಯುತ್ತವೆ ಎಂಬುದನ್ನು ಬರೆದುಕೊಳ್ಳಲಿ. ಆಗಲೇ 85 ಡಿಗ್ರಿ ದಾಟುತ್ತಿದ್ದರೆ ಏರಿಸುವ ಮಾತನ್ನು ಅಲ್ಲಿಗೇ ಬಿಟ್ಟು, ಫ್ಯಾನಿನ ವಿಚಾರ ಮಾಡುವುದು ವಿವೇಕ.

ಮೂರನೆಯದಾಗಿ, ವೋಲ್ಟೇಜನ್ನು ಮುಟ್ಟದೆ, ಗುಣಕವನ್ನು ಒಂದೇ ಒಂದು ಅಂಕಿ ಏರಿಸಬೇಕು. ಎಲ್ಲ ಕೋರುಗಳೂ 42ರಲ್ಲಿ ಓಡುತ್ತಿದ್ದರೆ ಈಗ 43. ಕಾಲು ಗಂಟೆ ಪರೀಕ್ಷಿಸಿ, ಶಾಖವನ್ನು ಬರೆದುಕೊಂಡು, ತಪ್ಪಿಲ್ಲದಿದ್ದರೆ ಇನ್ನೊಂದು ಅಂಕಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಕೂಡಿಸಿದರೆ ತಪ್ಪು ಯಾವುದರದ್ದೆಂದು ತಿಳಿಯುವ ಬಗೆಯಿಲ್ಲ. ಗಣಕ ನಿಂತಿತೋ, ಲೆಕ್ಕ ತಪ್ಪಿತೋ, ಒಂದೆರಡು ಮೆಟ್ಟಿಲು ಹಿಂದಕ್ಕೆ ಬಂದು ನಿಲ್ಲಬೇಕು. ಕೊನೆಯಲ್ಲಿ ಆ ಹೊಂದಿಕೆಯನ್ನು ಕೆಲವು ಗಂಟೆಗಳ ಕಾಲ ಪರೀಕ್ಷಿಸಬೇಕು.

ಇಲ್ಲೊಂದು ಸೂಕ್ಷ್ಮವುಂಟು. ರೈಝೆನ್‌ಗಳಲ್ಲಿ ಹೀಗೆ ಗುಣಕವನ್ನು ಸ್ಥಿರಗೊಳಿಸಿದರೆ, ಒಂದೇ ಕೋರಿನ ಕೆಲಸ ಬಂದಾಗ ಅದು ತಾನಾಗಿ ಹೆಚ್ಚು ಎತ್ತರಕ್ಕೆ ಏರುತ್ತಿದ್ದ ಸ್ವಾತಂತ್ರ್ಯ ಹೋಗುತ್ತದೆ. ಒಂದು ಕಡೆ ಗಳಿಸಿ ಇನ್ನೊಂದು ಕಡೆ ಕಳೆದುಕೊಂಡಂತೆ. ಅಲ್ಲಿ ಎಎಂಡಿಯವರೇ ಕೊಟ್ಟಿರುವ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ಎಂಬ ಏರ್ಪಾಡನ್ನು ಬಳಸುವುದು ಮೇಲು.

ಒಂದು ಸರಪಳಿಯ ಪಾಠ

ಎಲ್ಲಿಯ ಗಣಕ, ಎಲ್ಲಿಯ ತುಂಗಭದ್ರೆ ಎನ್ನಬೇಡಿ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದುದನ್ನು ಈ ನಾಡಿನವರು ಮರೆತಿಲ್ಲ. ಕಟ್ಟೆ ಗಟ್ಟಿಯಾಗಿಯೇ ಇತ್ತು. ಇರುವ 33 ಗೇಟುಗಳಲ್ಲಿ ಮಿಕ್ಕ 32 ನಿಂತಿದ್ದವು. ಆದರೂ ಒಂದು ಸರಪಳಿಯಿಂದಾಗಿ ಕೂಡಿಟ್ಟ ನೀರು ಹೊಳೆಗೆ ಹರಿಯಿತು. ಭತ್ತದ ಗದ್ದೆಯವರ ಎದೆ ನಡುಗಿತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿ, ಒಂದು ವಾರದೊಳಗೆ ಅದನ್ನು ತಡೆದ ಎಂಜಿನಿಯರರನ್ನೂ ಕೆಲಸಗಾರರನ್ನೂ ನಾಡು ಕೊಂಡಾಡಿತು.

ಗಣಕದಲ್ಲಿಯೂ ಹೀಗೆಯೇ. ಪ್ರೊಸೆಸರು ತಾಳಿಕೊಂಡೀತು, ಅದಕ್ಕೆ ವಿದ್ಯುತ್ತು ಹದಮಾಡಿ ಕೊಡುವ ಮದರ್‌ಬೋರ್ಡಿನ ಭಾಗವೋ, ಅಗ್ಗದ ಎಸ್‌ಎಂಪಿಎಸ್ಸೋ ತಾಳಬೇಕಲ್ಲ? ಒತ್ತಡ ಏರಿದಾಗ ಬಲವನ್ನು ಅಳೆಯಬೇಕಾದದ್ದು ಅತ್ಯಂತ ದುರ್ಬಲವಾದ ಕೊಂಡಿಯಿಂದ.

ಹಾನಿಯೂ ಒಮ್ಮೆಲೇ ಕಣ್ಣಿಗೆ ಕಾಣುವುದಿಲ್ಲ. ಹೆಚ್ಚಿನ ವಿದ್ಯುತ್ ಪ್ರವಾಹವೂ ಶಾಖವೂ ಪ್ರೊಸೆಸರಿನೊಳಗಿನ ಅತಿ ಸೂಕ್ಷ್ಮ ತಂತಿಗಳ ಲೋಹದ ಕಣಗಳನ್ನು ಮೆಲ್ಲಮೆಲ್ಲನೆ ಜಾಗ ಬಿಡಿಸುತ್ತವೆ. ಇಂದು ಓಡಿದ್ದು ಮುಂದಿನ ವರ್ಷ ಎಡವುತ್ತದೆ. ಈ ವಿಷಯದಲ್ಲಿ ದೊಡ್ಡವರೂ ಎಡವಿದ್ದುಂಟು. ಇಂಟೆಲ್ಲಿನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಕಾರಣವಿಲ್ಲದೆ ನಿಲ್ಲತೊಡಗಿದಾಗ, ಅವು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜು ಕೇಳುತ್ತಿದ್ದುದೇ ಮೂಲವೆಂದು ಕಂಪನಿ 2024ರಲ್ಲಿ ಒಪ್ಪಿಕೊಂಡಿತು. ತಿದ್ದುಪಡಿಯನ್ನು ಬಯೋಸಿನ ಮೂಲಕ ಹಂಚಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆದರೆ ಆಗಲೇ ಸವೆದುಹೋದ ಪ್ರೊಸೆಸರನ್ನು ಯಾವ ತಿದ್ದುಪಡಿಯೂ ಹೊಸದಾಗಿ ಮಾಡಲಾರದು. ಅಂತಹ ಗಣಕವುಳ್ಳವರು ಬಯೋಸನ್ನು ಹೊಸದು ಮಾಡಿಸಿಕೊಳ್ಳದೆ ಬೇರಾವುದಕ್ಕೂ ಕೈಹಾಕಬಾರದು.

ಇಳಿಸಿ ಗೆಲ್ಲುವುದು

ಹಾಗಾದರೆ ಬಿಸಿಲ ನಾಡಿನವರಿಗೆ ವೇಗದ ಭಾಗ್ಯವೇ ಇಲ್ಲವೆ? ಇದೆ, ಆದರೆ ಅದರ ದಾರಿ ಬೇರೆ. ವೇಗವನ್ನು ಹಾಗೆಯೇ ಉಳಿಸಿ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುವ ಪದ್ಧತಿಯೊಂದುಂಟು. ಅದಕ್ಕೆ ಅಂಡರ್‌ವೋಲ್ಟಿಂಗ್ ಎನ್ನುತ್ತಾರೆ. ವರ್ಗದ ಲೆಕ್ಕ ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ವೋಲ್ಟೇಜು ನೂರಕ್ಕೆ ಐದು ಇಳಿದರೆ ಶಾಖ ನೂರಕ್ಕೆ ಹತ್ತರ ಹತ್ತಿರ ಇಳಿಯುತ್ತದೆ. ಪ್ರೊಸೆಸರು ತಂಪಾದಷ್ಟೂ ತಾನಾಗಿ ಮೇಲೇರಿ, ಹೆಚ್ಚು ಹೊತ್ತು ಅಲ್ಲಿಯೇ ನಿಲ್ಲಬಲ್ಲದು. ಬೇಸಿಗೆಯಲ್ಲಿ, ಏರಿಸಿದವನ ಗಣಕ ಬೆವರಿ ನಿಧಾನಿಸಿದಾಗ, ಇಳಿಸಿದವನ ಗಣಕ ತಣ್ಣಗೆ ಮುಂದೆ ಹೋಗುವುದೂ ಉಂಟು! ಇದರಲ್ಲಿಯೂ ಅತಿಯಾದರೆ ಲೆಕ್ಕ ತಪ್ಪೀತು. ಆದುದರಿಂದ ಮೆಟ್ಟಿಲೂ ಪರೀಕ್ಷೆಯೂ ಇಲ್ಲಿಯೂ ಬೇಕು. ಆದರೆ ಸುಡುವ ಭಯವಿಲ್ಲ. ಎಲ್ಲ ಯಂತ್ರಗಳೂ ಇದಕ್ಕೆ ಒಪ್ಪುವುದಿಲ್ಲ. ಒಪ್ಪುವುದಾದರೆ ಹೊಸಬನಿಗೆ ಇದಕ್ಕಿಂತ ಒಳ್ಳೆಯ ಅಕ್ಷರಾಭ್ಯಾಸ ಬೇರೊಂದಿಲ್ಲ.

ಇನ್ನು, ಗಣಕ ನಿಧಾನವೆಂದು ದೂರುವವರೆಲ್ಲರಿಗೂ ಪ್ರೊಸೆಸರೇ ಕಾರಣವೆಂದಲ್ಲ. ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ, ಸಾಲದ ರ್‍ಯಾಮನ್ನು ಹೆಚ್ಚಿಸಿದರೆ, ಲಗ್ನಪತ್ರಿಕೆ ಅಚ್ಚು ಹಾಕುವವನಿಗೂ ಪಾಠದ ಟಿಪ್ಪಣಿ ಬರೆಯುವವನಿಗೂ ಆಗುವ ಸುಖ ಯಾವ ಓವರ್‌ಕ್ಲಾಕಿಂಗಿನಿಂದಲೂ ಆಗಲಾರದು.

ಹಾಗೆಂದು ಕುತೂಹಲವನ್ನು ಚಿವುಟಬೇಕೆಂದು ನಾನು ಹೇಳುವವನಲ್ಲ. ಯಂತ್ರದ ಒಳಗುಟ್ಟನ್ನು ಅಳೆದು, ಬರೆದಿಟ್ಟು, ಒಂದೊಂದೇ ಹೆಜ್ಜೆಯಿಂದ ಅರಿಯುವ ಹುಡುಗನು ಪುಸ್ತಕದಲ್ಲಿ ಸಿಗದ ಶಿಕ್ಷಣವನ್ನು ಪಡೆಯುತ್ತಾನೆ. ನಾಳೆ ಬೆಂಗಳೂರಿನಲ್ಲಿ ಪ್ರೊಸೆಸರು ರೂಪಿಸುವವರ ಸಾಲಿನಲ್ಲಿ ಕುಷ್ಟಗಿಯ ಹುಡುಗನೂ ಯಲಬುರ್ಗಾದ ಹುಡುಗಿಯೂ ಏಕೆ ಕೂರಬಾರದು? ಅವರಿಗೆ ನನ್ನದು ಒಂದೇ ಮಾತು: ಜಾತ್ರೆಯ ಚಳಿಯಲ್ಲಿ ಗೆದ್ದ ವೇಗವನ್ನು ಗೆಲುವೆಂದು ನಂಬಬೇಡಿ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಪೂರ್ತಿ ಕೆಲಸ ಹಚ್ಚಿ ಎರಡು ಗಂಟೆ ಓಡಿಸಿರಿ. ಆಗಲೂ ಯಾವ ವೇಗ ತಪ್ಪಿಲ್ಲದೆ ನಿಲ್ಲುತ್ತದೆಯೋ ಅದೇ ನಿಮ್ಮ ಗಣಕದ ನಿಜವಾದ ವೇಗ.